ಬೆಂಕಿಪೊಟ್ಟಣ ಟೀಚರ್ ಮತ್ತೆ ಓದಲು ಕೂತದ್ದು

ಮಕ್ಕಳು ಆಕೆಗೆ ಇಟ್ಟಿದ್ದ ಅಡ್ಡಹೆಸರು ಬೆಂಕಿಪೊಟ್ಟಣ. ಆಳು ಕುಳ್ಳಗೆ, ಚೌಕಾಕಾರ. ಗೀರಿದರೆ ಸಾಕು, ಹತ್ತಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವರಿಗೆ ಈ ಹೆಸರು ಗೊತ್ತಿತ್ತು, ಅದರ ಬಗ್ಗೆ ಬೇಸರವೂ ಇರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತಾದರೂ ಬಂದಷ್ಟೇ ಬೇಗ ಇಳಿದುಹೋಗುತ್ತಿತ್ತು. ಹೋಂವರ್ಕ್ ತರದವನಿಗೆ ಹತ್ತು ಗಂಟೆಗೆ ಬೈದು, ಹನ್ನೊಂದಕ್ಕೆ ಅವನ ಪಕ್ಕದಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದರು.

ಇಳಿಯದ ಕೋಪವೊಂದು ಬಂದದ್ದು ನಲವತ್ತಾರನೇ ವಯಸ್ಸಿನಲ್ಲಿ.

ಆ ವರ್ಷ ಶಾಲೆಯ ಆಡಳಿತ ಮಂಡಳಿ ಒಂದು ಕಂಪನಿಯಿಂದ ಟ್ಯಾಬ್ಲೆಟ್ ಪಾಠಗಳನ್ನು ತರಿಸಿತ್ತು. ಮಗು ವಿಡಿಯೊ ನೋಡಬೇಕು, ಪ್ರಶ್ನೆಗೆ ಉತ್ತರ ಟೈಪ್ ಮಾಡಬೇಕು. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಕೆಂಪು ಹೆಚ್ಚಾದವರನ್ನು ಯಂತ್ರವೇ ನಿಧಾನದ ಗುಂಪಿಗೆ ಹಾಕಿ ಸುಲಭದ ಪಾಠ ಕೊಡುತ್ತದೆ. ಟೀಚರ್‌ಗಳು ಇನ್ನು ನೋಟ್‌ಬುಕ್ ತಿದ್ದುವ ಕಷ್ಟಪಡಬೇಕಾಗಿಲ್ಲ, ಗಲಾಟೆ ಆಗದಂತೆ ನೋಡಿಕೊಂಡರೆ ಸಾಕು ಅಂತ ಮಂಡಳಿಯ ಕಾರ್ಯದರ್ಶಿಗಳು ನಗುನಗುತ್ತಾ ಹೇಳಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಳಗೊಳಗೇ ಖುಷಿಯಾಗಿತ್ತು. ಸುಳ್ಳೇಕೆ, ಬೆಂಕಿಪೊಟ್ಟಣ ಟೀಚರ್‌ಗೂ ಆಗಿತ್ತು. ನಲವತ್ತು ನೋಟ್‌ಬುಕ್ ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುವುದು ಯಾರಿಗೆ ಬೇಕು?

ಮೂರು ವಾರ ಕಳೆದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ, ಬಸ್ ನಿಲ್ದಾಣದ ಹತ್ತಿರದ ಟೈಲರ್‌ನ ಮಗಳು, ತಾನಾಗಿಯೇ ಕೊನೆಯ ಬೆಂಚಿಗೆ ಹೋಗಿ ಕೂತಳು. ಅದುವರೆಗೂ ಮುಂದಿನ ಸಾಲು ಬಿಟ್ಟವಳಲ್ಲ. ಯಾಕೆ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿಕೊಂಡೇ ಹೇಳಿದಳು.

"ನಂಗೆ ಗಣಿತ ಬರಲ್ಲ ಮಿಸ್. ಟ್ಯಾಬ್ಲೆಟ್ ಹೇಳಿದೆ."

ಟೀಚರ್ ಅವಳ ಟ್ಯಾಬ್ಲೆಟ್ ತೆಗೆದು ಹಿಂದಿನ ಉತ್ತರಗಳನ್ನೆಲ್ಲ ಒಂದೊಂದಾಗಿ ನೋಡಿದರು. ನಾಲ್ಕನೇ ಮೂರು ಅಂತ ಬರೆಯಬೇಕಾದ ಕಡೆ ಹುಡುಗಿ ಸೊನ್ನೆ ಪಾಯಿಂಟ್ ಏಳು ಐದು ಅಂತ ಬರೆದಿದ್ದಳು. ಎರಡೂ ಒಂದೇ, ಆದರೂ ಕೆಂಪು. ಇನ್ನೊಂದು ಕಡೆ ಉತ್ತರದ ಮುಂದೆ 'ಸೆಂ.ಮೀ.' ಅಂತ ಸೇರಿಸಿದ್ದಳು, ತರಗತಿಯಲ್ಲಿ ಕಲಿಸಿದ್ದು ಹಾಗೆಯೇ. ಅದಕ್ಕೂ ಕೆಂಪು. ಅಪ್ಪ ಬಟ್ಟೆ ಕತ್ತರಿಸುವಾಗ ಪಕ್ಕದಲ್ಲಿ ನಿಂತು ಅಳತೆ ಕಲಿತ ಮಗು ಅದು. ಮೂರು ವಾರ ಸರಿ ಉತ್ತರ ಬರೆದು, ಮೂರು ವಾರ ಬೈಸಿಕೊಂಡು, ಕೊನೆಗೆ ಬೈಗುಳವನ್ನೇ ನಂಬಿತ್ತು.

ಟೀಚರ್‌ಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲಿ ಅರ್ಧ ಯಂತ್ರದ ಮೇಲಾದರೆ ಇನ್ನರ್ಧ ತಮ್ಮ ಮೇಲೆಯೇ. ನೋಟ್‌ಬುಕ್ ನೋಡಿದ್ದರೆ ಮೊದಲನೇ ದಿನವೇ ಗೊತ್ತಾಗುತ್ತಿತ್ತಲ್ಲ.

ಅವತ್ತು ಸಂಜೆಯ ಸಭೆಯಲ್ಲಿ ಟೀಚರ್ ಎದ್ದು ನಿಂತು ಇದನ್ನೆಲ್ಲ ಹೇಳಿದರು, ಸ್ವಲ್ಪ ಜೋರಾಗಿಯೇ ಹೇಳಿದರು. ಕಾರ್ಯದರ್ಶಿಗಳು ಪೂರ್ತಿ ಕೇಳಿಸಿಕೊಂಡು, ಕನ್ನಡಕ ಒರೆಸಿಕೊಂಡು, ತಣ್ಣಗೆ ಒಂದು ಮಾತು ಕೇಳಿದರು.

"ಇದನ್ನ ತಯಾರು ಮಾಡಿದೋರು ಇದೇ ವಿಷಯದಲ್ಲಿ ದೊಡ್ಡ ಡಿಗ್ರಿ ಮಾಡಿದೋರು, ಮೇಡಂ. ನೀವು ಇದರಲ್ಲಿ ಏನು ಓದಿದ್ದೀರಿ?"

ಏನೂ ಓದಿರಲಿಲ್ಲ. ಯಾರೋ ಕಿಸಕ್ಕೆಂದರು. ಹುಡುಗಿ ನಿಧಾನದ ಗುಂಪಿನಲ್ಲೇ ಉಳಿದಳು. ಗುಂಪು ಬದಲಿಸುವುದು ಕಂಪನಿಯ ಕೈಯಲ್ಲಿದೆಯಂತೆ, ಶಾಲೆಯ ಕೈಯಲ್ಲಿ ಇಲ್ಲವಂತೆ.

ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಗಂಡನಿಗೆ ಹೇಳಿದರು, ನಾನು ಓದ್ತೀನಿ ಅಂತ. ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುವ ಮನುಷ್ಯ, ಮೋಟರುಗಳ ಸದ್ದಿನ ನಡುವೆ ಇದ್ದು ಇದ್ದು ಮಿತಭಾಷಿಯಾಗಿದ್ದರು. ಏನು ಓದ್ತೀಯ ಅಂತ ಕೇಳಿದರು. ಶಿಕ್ಷಕರಿಗೆ ಬೋಧನಾ ತಂತ್ರಜ್ಞಾನದಲ್ಲಿ ಆನ್‌ಲೈನ್ ಮಾಸ್ಟರ್ಸ್ ಡಿಗ್ರಿ, ಎರಡು ವರ್ಷ, ಹನ್ನೆರಡು ಪೇಪರ್. ಕೋಪಕ್ಕೆ ಓದ್ತಿದ್ದೀಯೋ ಆಸೆಗೋ ಅಂತ ಅವರು ಮತ್ತೆ ಕೇಳಿದರು. ಕೋಪಕ್ಕೆ ಅಂದರು ಟೀಚರ್. ಹಾಗಾದರೆ ಮುಗಿಸ್ತೀಯ ಬಿಡು ಅಂದು ಗಂಡ ಮೂಲೆಯ ಮೇಜಿನ ಮೇಲಿನ ಇಸ್ತ್ರಿ ಬಟ್ಟೆಗಳನ್ನು ಎತ್ತಿ, ಲ್ಯಾಪ್‌ಟಾಪ್ ಇಡಲು ಜಾಗ ಮಾಡಿಕೊಟ್ಟರು.

ಮೊದಲ ನಾಲ್ಕು ದಿನ ಒಳಗೆ ಹೋಗುವುದಕ್ಕೇ ಆಗಲಿಲ್ಲ. ಪಾಸ್‌ವರ್ಡ್ ತಪ್ಪು ಅನ್ನುತ್ತಿತ್ತು. ಸಹಾಯವಾಣಿಗೆ ಬರೆದರೆ, ಲಾಗಿನ್ ಆಗಿ ದೂರು ಸಲ್ಲಿಸಿ ಅಂತ ಉತ್ತರ. ಐದನೇ ದಿನ ಬಾಗಿಲು ತೆರೆದಾಗ ಸಿಕ್ಕ ಮೊದಲ ಪಾಠದ ಹೆಸರು 'ಕಲಿಯುವವರೇ ಕೇಂದ್ರ'. ಟೀಚರ್ ಹಲ್ಲು ಕಡಿದುಕೊಂಡು ನೋಟ್ಸ್ ಮಾಡಿಕೊಂಡರು.

ಬೆಳಗಿನ ಐದರಿಂದ ಆರೂವರೆವರೆಗೆ ಓದು. ಆಮೇಲೆ ಅಡುಗೆ, ಬಸ್ಸು, ಶಾಲೆ. ವಾರಕ್ಕೊಂದು ಚರ್ಚೆ ಇರುತ್ತಿತ್ತು; ಪ್ರತಿಯೊಬ್ಬರೂ ಸಹಪಾಠಿಗಳಲ್ಲಿ ಇಬ್ಬರಿಗೆ ಉತ್ತರ ಬರೆಯಲೇಬೇಕು. ಎಲ್ಲರೂ ಎಲ್ಲರಿಗೂ 'ಅದ್ಭುತ ವಿಚಾರ, ಧನ್ಯವಾದ' ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಟೀಚರ್ ಒಬ್ಬನಿಗೆ, 'ನೀವು ಬರೆದದ್ದು ನನಗೆ ಅರ್ಥವಾಗಲಿಲ್ಲ, ನಿಮಗೆ ಅರ್ಥವಾಗಿದೆಯೇ?' ಅಂತ ಬರೆದರು. ಸೌಜನ್ಯದ ಕೊರತೆ ಅಂತ ಎರಡು ಅಂಕ ಕಡಿತವಾಯಿತು. ಗಂಡ ಅದನ್ನು ಕೇಳಿ ಇಡೀ ವಾರ ನಕ್ಕರು. ಟೀಚರ್ ನಗಲಿಲ್ಲ.

ಆದರೆ ಆ ಓದಿನಲ್ಲಿ ಸತ್ತ್ವವೂ ಇತ್ತು, ಅದನ್ನು ಅವರು ಅಲ್ಲಗಳೆಯುತ್ತಿರಲಿಲ್ಲ. ಮೂರನೇ ಪೇಪರಿನಲ್ಲಿ ಒಂದು ವಿಷಯ ಬಂತು: ತಪ್ಪು ಅಂತ ಮಾತ್ರ ಹೇಳಿ ಯಾಕೆ ತಪ್ಪು ಅಂತ ಹೇಳದಿದ್ದರೆ ಮಗು ಲೆಕ್ಕವನ್ನು ಕಲಿಯುವುದಿಲ್ಲ, ತಾನು ದಡ್ಡ ಅನ್ನುವುದನ್ನು ಕಲಿಯುತ್ತದೆ. ಓದುತ್ತಾ ಓದುತ್ತಾ ಟೀಚರ್ ಕೈ ನಿಂತುಹೋಯಿತು. ಇಪ್ಪತ್ತೆರಡು ವರ್ಷ ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಹಾಕಿ ಮುಂದಿನ ಪುಟ ತಿರುಗಿಸಿದ ಕೈ ಅದು. ಆ ಬೆಳಿಗ್ಗೆ ಅವರು ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದರು. ಯಂತ್ರ ಮಾಡಿದ್ದನ್ನು ತಾನೂ ಮಾಡಿದ್ದೆ. ಎಷ್ಟು ಮಕ್ಕಳಿಗೆ ಅನ್ನುವುದು ಮಾತ್ರ ಗೊತ್ತಿಲ್ಲ.

ಎರಡನೇ ವರ್ಷದ ಮೊದಲ ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ, ಕ್ಯಾಮೆರಾ ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ. ಟೀಚರ್‌ಗೆ ಲೆಕ್ಕ ಮಾಡುವಾಗ ತುಟಿ ಅಲ್ಲಾಡಿಸುವ ಅಭ್ಯಾಸ. ಅದು ಸಾಲದು ಅಂತ, ಪರೀಕ್ಷೆಯ ನಡುವೆ ಅತ್ತೆ ಬಾಗಿಲು ತಳ್ಳಿಕೊಂಡು ಬಂದರು. ಎಂಬತ್ತು ದಾಟಿದ ಅತ್ತೆಗೆ ಕಿವಿ ಮಂದ, ಹಾಗಾಗಿ ದನಿ ದೊಡ್ಡದು. ಕನ್ನಡಕ ಎಲ್ಲಿ ಅಂತ ಕೇಳಿದರು. ಸೊಸೆ ಕೈಸನ್ನೆಯಲ್ಲಿ ತಲೆಯ ಮೇಲೆ ತೋರಿಸಿದರು. ಅತ್ತೆ ತಲೆ ಮುಟ್ಟಿ ನೋಡಿಕೊಂಡು ಹೊರಟುಹೋದರು. ಅಷ್ಟೇ ನಡೆದದ್ದು.

ಹದಿನೈದು ದಿನ ಬಿಟ್ಟು ಬಂದ ಪತ್ರದಲ್ಲಿ ಫಲಿತಾಂಶ ತಡೆಹಿಡಿಯಲಾಗಿದೆ ಅಂತ ಇತ್ತು. ಸಂಶಯಾಸ್ಪದ ನಡವಳಿಕೆ: ತುಟಿ ಚಲನೆ, ಎರಡನೇ ವ್ಯಕ್ತಿಯ ಪ್ರವೇಶ, ಕೈಸಂಕೇತ.

ಜೀವಮಾನದಲ್ಲಿ ಒಂದು ಅಂಕ ಕದ್ದವರಲ್ಲ. ಪರೀಕ್ಷಾ ಕೋಣೆಯಲ್ಲಿ ಚೀಟಿ ಹಿಡಿದು ಹಿಡಿದು ಹೆಸರಾದವರು. ಆ ದಿನ ಅವರು ಊಟ ಮಾಡಲಿಲ್ಲ. ಒಂದು ಯಂತ್ರ ತನ್ನನ್ನೂ ಕೆಂಪು ಗುಂಪಿಗೆ ಹಾಕಿತ್ತು, ಕಾರಣ ಕೇಳುವುದಕ್ಕೆ ಎದುರಿಗೆ ಒಂದು ಮುಖವೂ ಇರಲಿಲ್ಲ. ಟೈಲರ್ ಮಗಳಿಗೆ ಹನ್ನೆರಡನೇ ವಯಸ್ಸಿನಲ್ಲಿ ಹೇಗಾಗಿರಬೇಕು ಅನ್ನುವುದು ಆಗ ಅರ್ಥವಾಯಿತು.

ಮನವಿಯ ಮೇಲೆ ಮನವಿ ಬರೆದರು. ಐದನೆಯದಕ್ಕೆ ವಿಚಾರಣೆ ಸಿಕ್ಕಿತು. ಪರದೆಯ ಮೇಲೆ ಮೂವರು ಕೂತಿದ್ದರು. ಕೋಣೆಯೊಳಗೆ ಬಂದ ವ್ಯಕ್ತಿ ಯಾರು ಅಂತ ಕೇಳಿದರು. ಟೀಚರ್ ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಹಿಂದಿನ ದಿನವೇ ಮಗನಿಂದ ವಿಷಯ ತಿಳಿದುಕೊಂಡಿದ್ದರು.

"ನಾನೇ ಬಂದಿದ್ದು. ನಾನು ಓದಿದ್ದು ಎರಡನೇ ಕ್ಲಾಸು. ಇವಳಿಗೆ ನಾನು ಏನು ಹೇಳಿಕೊಡ್ಲಿ, ಹೇಳ್ರಪ್ಪಾ. ನಿಮ್ಮ ಮನೇಲಿ ಮುದುಕರು ಇಲ್ವಾ?"

ಮೂವರಲ್ಲಿ ಒಬ್ಬಾಕೆ ತಲೆ ತಗ್ಗಿಸಿ ನಗು ತಡೆದುಕೊಂಡಳು. ಪರೀಕ್ಷೆಯ ದಿನ ಕ್ಯಾಮೆರಾ ತೆಗೆದ ವಿಡಿಯೊವನ್ನು ಮನುಷ್ಯರು ಯಾರಾದರೂ ನೋಡಿದ್ದೀರಾ ಅಂತ ಟೀಚರ್ ಕೇಳಿದರು. ಯಾರೂ ನೋಡಿರಲಿಲ್ಲ. ಅಲ್ಲೇ ಹಾಕಿಸಿ ನೋಡಿದರು. ಎರಡು ನಿಮಿಷವೂ ಬೇಕಾಗಲಿಲ್ಲ. ಅಂಕಗಳು ವಾಪಸು ಬಂದವು, ಜೊತೆಗೆ 'ಮುಂದೆ ಎಚ್ಚರಿಕೆಯಿಂದಿರಿ' ಎಂಬ ಟಿಪ್ಪಣಿಯೂ. ಕ್ಷಮೆಯ ಒಂದು ಪದವಿರಲಿಲ್ಲ. ಆ ಟಿಪ್ಪಣಿ ತೆಗೆಸಲು ಟೀಚರ್ ಇನ್ನೂ ಮೂರು ಪತ್ರ ಬರೆದರು. ಒಂದು ದಿನ ಅದು ಸದ್ದಿಲ್ಲದೆ ಮಾಯವಾಗಿತ್ತು.

ಕೊನೆಯ ಪ್ರಾಜೆಕ್ಟಿಗೆ ಏನು ಮಾಡಬೇಕು ಅನ್ನುವುದರಲ್ಲಿ ಈಗ ಅನುಮಾನ ಉಳಿದಿರಲಿಲ್ಲ. ಒಂದು ಟರ್ಮಿನಲ್ಲಿ ತಮ್ಮ ಏಳನೇ ತರಗತಿಗೆ ಯಂತ್ರ ಕೊಟ್ಟ ಕೆಂಪುಗಳನ್ನೆಲ್ಲ ಕೈಯಲ್ಲಿ ಬರೆದುಕೊಂಡು, ಒಂದೊಂದು ಉತ್ತರವನ್ನೂ ತಾವೇ ತಿದ್ದಿದರು. ಸಾವಿರದ ನೂರ ನಲವತ್ತು ಕೆಂಪು. ಅದರಲ್ಲಿ ಮುನ್ನೂರ ಹನ್ನೆರಡು ಸರಿ ಉತ್ತರ, ಬರೆದ ರೀತಿ ಮಾತ್ರ ಬೇರೆ. ಮಾರ್ಗದರ್ಶಕರಾಗಿದ್ದ ಪ್ರೊಫೆಸರು ಇದು ತಪ್ಪಿರಬೇಕು, ಮತ್ತೆ ಎಣಿಸಿ ಅಂದರು. ಮತ್ತೆ ಎಣಿಸಿದಾಗ ಮುನ್ನೂರ ಹದಿನಾಲ್ಕಾಯಿತು.

ಡಿಗ್ರಿ ಬಂತು. ವಿಷಯ ತಿಳಿದ ಕಾರ್ಯದರ್ಶಿಗಳು ಹೂಗುಚ್ಛ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. ಇನ್ನು ಮುಂದೆ ನೀವೇ ನಮ್ಮ ಡಿಜಿಟಲ್ ಸಂಯೋಜಕಿ, ಗೇಟಿನ ಹತ್ತಿರದ ಬೋರ್ಡಿನಲ್ಲಿ ನಿಮ್ಮ ಫೋಟೊ ಹಾಕಿಸ್ತೀವಿ, ಮುಂದಿನ ಶನಿವಾರ ಪೋಷಕರ ಸಭೆಯಲ್ಲಿ ನಮ್ಮ ಟ್ಯಾಬ್ಲೆಟ್ ಪಾಠದ ಬಗ್ಗೆ ನಾಲ್ಕು ಮಾತಾಡಬೇಕು ಅಂದರು. ಎರಡು ವರ್ಷದ ಹಿಂದೆ ತಾವು ಕೇಳಿದ ಪ್ರಶ್ನೆ ಅವರಿಗೆ ನೆನಪೇ ಇರಲಿಲ್ಲ. ಟೀಚರ್‌ಗೆ ಎಲ್ಲಕ್ಕಿಂತ ಹೆಚ್ಚು ರೇಗಿದ್ದು ಅದಕ್ಕೆ. ಟೈಲರ್ ಮಗಳ ಗುಂಪು ಮೊದಲು ಬದಲಾಗಲಿ ಅಂದರು. ಹುಡುಗಿ ಈಗ ಒಂಬತ್ತನೇ ತರಗತಿ. ಟ್ಯಾಬ್ಲೆಟ್ ಅವಳಿಗೆ ಇನ್ನೂ ಐದನೇ ತರಗತಿಯ ಭಾಗಾಕಾರವನ್ನೇ ಕೊಡುತ್ತಿತ್ತು. ಕಂಪನಿಯವರು ಹೊಸ ಆವೃತ್ತಿಯಲ್ಲಿ ಸರಿ ಮಾಡ್ತಾರಂತೆ ಅಂದು ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. ಸರಿ, ಶನಿವಾರ ಮಾತಾಡ್ತೀನಿ ಅಂದರು ಟೀಚರ್.

ಮಾತಾಡಿದರು. ಹೊಗಳಿಕೆ ಕೇಳಲು ಮುಂದಿನ ಸಾಲಿನಲ್ಲಿ ಕಾರ್ಯದರ್ಶಿಗಳು ಕೂತಿದ್ದಂತೆಯೇ ಆ ಮುನ್ನೂರ ಹದಿನಾಲ್ಕರ ಲೆಕ್ಕವನ್ನು ಓದಿ ಹೇಳಿದರು, ಹತ್ತು ಉದಾಹರಣೆಗಳನ್ನು ಬೋರ್ಡಿನ ಮೇಲೆ ಬರೆದರು. ಕೂಗಾಡಲಿಲ್ಲ. ಕೆಂಪು ಕೊಡುವ ಮೊದಲು ಒಬ್ಬ ಮನುಷ್ಯ ನೋಡಬೇಕು, ನಾನು ಎರಡು ವರ್ಷ ಓದಿ ಕಲಿತದ್ದು ಇಷ್ಟೇ ಅಂದು ಸೀಮೆಸುಣ್ಣ ಕೆಳಗಿಟ್ಟರು. ಹಿಂದಿನಿಂದ ಟೈಲರ್ ಎದ್ದು ನಿಂತ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೆಯೇ ನೇತಾಡುತ್ತಿತ್ತು, ಅಂಗಡಿಯಿಂದ ನೇರ ಬಂದಿದ್ದ.

"ನನ್ನ ಮಗಳಿಗೆ ಲೆಕ್ಕ ಬರಲ್ಲ ಅಂತ ನಾನೂ ಬೈದೆ, ಸ್ವಾಮಿ. ಎರಡು ವರ್ಷ ಬೈದೆ. ಅದನ್ನ ಯಾರು ವಾಪಸ್ ಕೊಡ್ತೀರಿ?"

ಆಮೇಲೆ ಇತರರೂ ಏಳತೊಡಗಿದರು, ಸಭೆ ಮಧ್ಯಾಹ್ನದವರೆಗೂ ನಡೆಯಿತು.

ಕಂಪನಿಯ ಕೈಯಲ್ಲಿದ್ದದ್ದು ಒಂದೇ ವಾರದಲ್ಲಿ ಶಾಲೆಯ ಕೈಗೆ ಬಂತು. ಗುಂಪು ಮಾಡುವುದು ನಿಂತಿತು. ಕೆಂಪು ಬಿದ್ದ ಪ್ರತಿ ಉತ್ತರವನ್ನೂ ಟೀಚರ್‌ಗಳು ನೋಡಿ, ಕಾರಣ ಬರೆಯಬೇಕು ಎಂದಾಯಿತು. ಹುಡುಗಿಯನ್ನು ಒಂಬತ್ತನೇ ತರಗತಿಯ ಪಾಠಕ್ಕೆ ಸೇರಿಸಿದರು. ಎರಡು ವರ್ಷದ ಬಾಕಿ ಪಾಠವನ್ನು ಟೀಚರ್ ಊಟದ ಬಿಡುವಿನಲ್ಲಿ ಹೇಳಿಕೊಡುತ್ತಿದ್ದಾರೆ. ಬೇಗ ಕಲಿಯುತ್ತಾಳೆ, ಆದರೆ ಪ್ರತಿ ಸಾಲಿಗೂ ತಲೆಯೆತ್ತಿ ಸರೀನಾ ಮಿಸ್ ಅಂತ ಕೇಳುತ್ತಾಳೆ. ಕೇಳಿದಾಗಲೆಲ್ಲ ಟೀಚರ್‌ಗೆ ಆ ಕೋಪ ಮತ್ತೆ ಏರುತ್ತದೆ. ಸ್ಟಾಫ್ ರೂಮಿನಲ್ಲಿ ಕೆಲವರು ಅವರೊಡನೆ ಮಾತು ಬಿಟ್ಟಿದ್ದಾರೆ, ಆರಾಮವಾಗಿದ್ದ ಕೆಲಸವನ್ನು ಈಯಮ್ಮ ಮತ್ತೆ ತಲೆಗೆ ಕಟ್ಟಿದಳು ಅಂತ. ಸಂಯೋಜಕಿ ಹುದ್ದೆಯ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ, ಬೋರ್ಡಿನಲ್ಲಿ ಫೋಟೊ ಬರಲಿಲ್ಲ.

ಮೊನ್ನೆ ವಿಶ್ವವಿದ್ಯಾಲಯದಿಂದ ಒಂದು ಸಮೀಕ್ಷೆ ಬಂದಿತ್ತು. ನಮ್ಮ ಕೋರ್ಸ್ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರಿ, ಅನಿಸಿಕೆಯಿದ್ದರೆ ಇನ್ನೂರು ಅಕ್ಷರ ಮೀರದಂತೆ ಬರೆಯಿರಿ. ಟೀಚರ್ ಬರೆಯತೊಡಗಿದರು. 'ಪಾಠ ಚೆನ್ನಾಗಿತ್ತು, ಆದರೆ ನಿಮ್ಮ ಪಾಠವನ್ನು ನೀವೇ ಓದಿಲ್ಲ' ಅಂತ ಶುರು ಮಾಡಿ ಅತ್ತೆಯ ಕನ್ನಡಕದವರೆಗೆ ಬರುವಷ್ಟರಲ್ಲಿ ಇನ್ನೂರು ಅಕ್ಷರ ಮುಗಿದುಹೋದವು. ಎಲ್ಲವನ್ನೂ ಅಳಿಸಿ, ಗಂಡನ ಕಡೆ ತಿರುಗಿ, ಮನೆಯಲ್ಲಿ ಅಂಚೆ ಲಕೋಟೆ ಇದೆಯಾ ಅಂತ ಕೇಳಿದರು.