ಜ್ವರಕ್ಕೆ ಮಾಡಿದ ಆಪರೇಷನ್

ಕಾಂತಪ್ಪನವರಿಗೆ ಕಾಯಿಲೆ ಯಾವಾಗ ಶುರುವಾಯಿತು ಎಂದು ಕೇಳಿದರೆ ಅವರಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ವಯಸ್ಸು ಅರವತ್ತು ದಾಟಿತ್ತು. ಉಡುಪಿಯ ಕಡೆಯವರು. ದೆಹಲಿಯ ಐಟಿಓ ಹತ್ತಿರದ ಸೌತ್ ಇಂಡಿಯನ್ ಹೋಟೆಲೊಂದರಲ್ಲಿ ದೋಸೆ ಹಾಕುತ್ತ ಹಾಕುತ್ತಲೇ ತಲೆ ನರೆತಿತ್ತು. ಈಗ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಮನೆ ಯಮುನೆಯ ಆಚೆ ಲಕ್ಷ್ಮೀ ನಗರದಲ್ಲಿ. ಮನೆಯಲ್ಲಿ ಹೆಂಡತಿ ಉಮಾವತಿ, ಶಾಲೆಯಲ್ಲಿ ಟೀಚರಾಗಿದ್ದ ಮಗಳು ಸ್ನೇಹಲತಾ.

ಒಂದೆರಡು ವರ್ಷದಿಂದ ಅವರಿಗೆ ಮೂತ್ರ ಪದೇ ಪದೇ ಬರುತ್ತಿತ್ತು. ಬಂತು ಎಂದು ಹೋಗಿ ನಿಂತರೆ ಬರುತ್ತಿರಲಿಲ್ಲ. ಬಂದರೂ ಸಣ್ಣಗೆ, ನಿಂತು ನಿಂತು. ಬಸ್ಸು ಸೇತುವೆಯ ಮೇಲೆ ಸಿಕ್ಕಿಕೊಂಡರೆ ಬೆವರು ಇಳಿಯುತ್ತಿತ್ತು. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡು ಯಾರಿಗೂ ಹೇಳಲಿಲ್ಲ. ತಮಗೆ ತೋಚಿದ ಉಪಾಯವೊಂದನ್ನು ಮಾಡಿದರು: ನೀರು ಕುಡಿಯುವುದನ್ನೇ ಬಿಟ್ಟರು. ಅದು ದೆಹಲಿಯ ಜೂನ್ ತಿಂಗಳು, 1976ನೇ ಇಸವಿ. ಮೇಲೆ ಬಿಸಿಲು, ಎದುರಿಗೆ ಒಲೆ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತಿದ್ದವರಿಗೆ ಹಲ್ಲು ಕಟಕಟ ಅನ್ನುವಂಥ ಚಳಿ ಬಂತು. ಕಾಫಿಯ ಡಿಕಾಕ್ಷನ್ ತೆಗೆದು ಸಾಂಬಾರಿಗೆ ಸುರಿದರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ ಮಾಲೀಕ ಜಯಾನಂದನನ್ನು ಗುರುತು ಸಿಗದವರ ಹಾಗೆ ನೋಡಿ, ನೀವು ಯಾವ ಊರಿನವರು ಎಂದು ವಿಚಾರಿಸಿದರಂತೆ. ಜಯಾನಂದ ಗಾಬರಿಬಿದ್ದು ಅವರನ್ನು ಟ್ಯಾಕ್ಸಿಯಲ್ಲಿ ಮನೆಗೆ ಕರೆತಂದ.

ಆ ವರ್ಷ ದೆಹಲಿಯಲ್ಲಿ ಎಲ್ಲಿ ನೋಡಿದರೂ ಮಲೇರಿಯಾ. ಬೀದಿಯ ಡಾಕ್ಟರೂ ಅದಕ್ಕೇ ಮಾತ್ರೆ ಕೊಟ್ಟರು. ಜ್ವರ ಜಗ್ಗಲಿಲ್ಲ. ಆಮೇಲೆ ಮೂತ್ರ ಪರೀಕ್ಷೆ ಮಾಡಿಸಿ, ಕೀವಿದೆ, ಸೋಂಕಾಗಿದೆ ಎಂದು ಬೇರೆ ಮಾತ್ರೆ ಬರೆದರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು, ಮೂತ್ರದ ಉರಿ ಹೋಯಿತು, ಜಯಾನಂದನ ಗುರುತೂ ಸಿಕ್ಕಿತು. ವಾಸಿಯಾದ ಮೇಲೆ ಔಷಧಿ ಯಾಕೆ ಎಂದು ಕಾಂತಪ್ಪ ಉಳಿದ ಮಾತ್ರೆಗಳನ್ನು ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೋದರು.

ಜ್ವರ ಮತ್ತೆ ಬಂತು. ಉಳಿದಿದ್ದ ಮಾತ್ರೆ ನುಂಗಿದರು, ಬಿಟ್ಟಿತು. ಇನ್ನೊಮ್ಮೆ ಬಂದಾಗ ಕೆಮಿಸ್ಟ್ ಅಂಗಡಿಯಿಂದ ಅದೇ ಮಾತ್ರೆ ತಂದು ನುಂಗಿದರೂ ಬಿಡಲಿಲ್ಲ. ಹೋಟೆಲಿನ ನೀರು ಕೆಟ್ಟಿದೆಯೋ, ತಿನ್ನುವ ಊಟದಲ್ಲಿ ಉಷ್ಣ ಹೆಚ್ಚಾಯಿತೋ, ಯಾರದಾದರೂ ಕಣ್ಣು ಬಿತ್ತೋ ಅವರಿಗೆ ಗೊತ್ತಾಗಲಿಲ್ಲ. ಉಮಾವತಿ ಬಾರ್ಲಿ ಕುದಿಸಿ ಕೊಟ್ಟರು. ನೀರು ಕುಡಿಯಲು ಹೆದರುತ್ತಿದ್ದವರು ಅದನ್ನೂ ಅರ್ಧ ಕುಡಿದು ಅರ್ಧ ಬಿಟ್ಟರು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಮೂತ್ರ ಪೂರ್ತಿ ಕಟ್ಟಿಹೋಯಿತು. ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ ಅಪ್ಪನನ್ನು ಸ್ನೇಹಲತಾ ದೊಡ್ಡ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿ ಟ್ಯೂಬು ಹಾಕಿದರು. ನೋವು ಹೋದ ಸುಖಕ್ಕೆ ಕಾಂತಪ್ಪ ಅಲ್ಲೇ ನಿದ್ದೆಹೋದರು. ಮೂತ್ರದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುತ್ತೇವೆ, ಯಾವ ಔಷಧಿಗೆ ಸಾಯುತ್ತದೋ ಅದನ್ನೇ ಕೊಡುತ್ತೇವೆ ಎಂದರು ಡಾಕ್ಟರು. ಕ್ರಿಮಿಯನ್ನು ಸಾಯಿಸಬೇಕಾದವರು ಅದನ್ನು ಯಾಕೆ ಬೆಳೆಸುತ್ತಾರೆ ಎಂದು ಕಾಂತಪ್ಪನವರಿಗೆ ಹೊಳೆಯಲೇ ಇಲ್ಲ. ಎರಡು ದಿನದ ಮೇಲೆ ಫಲಿತಾಂಶ ಬಂತು. ಹಳೆಯ ಮಾತ್ರೆಗೆ ಆ ಕ್ರಿಮಿ ಒಗ್ಗಿಹೋಗಿತ್ತು. ಇಂಜೆಕ್ಷನ್ ಶುರುಮಾಡಿದರು. ಜ್ವರ ಇಳಿಯಿತು.

ಆಮೇಲೆ ಒಂದು ದಿನ ಡಾಕ್ಟರು ಹಿಂದಿಯಲ್ಲಿ ಒಂದಿಷ್ಟು ಹೊತ್ತು ಏನೋ ವಿವರಿಸಿದರು. ಕಾಂತಪ್ಪನವರಿಗೆ ತರಕಾರಿ ಭಯ್ಯಾನ ಹಿಂದಿ ಗೊತ್ತಿತ್ತು. ಇದು ಬೇರೆ ಹಿಂದಿ. ಮಗಳ ಮುಖ ನೋಡಿದರು. ದೆಹಲಿಯಲ್ಲೇ ಬೆಳೆದ ಸ್ನೇಹಲತಾಗೆ ಕನ್ನಡದಲ್ಲಿ ಅಪ್ಪನ ಎದುರು ಆ ಜಾಗದ ಮಾತನ್ನು ಹೇಗೆ ಹೇಳಬೇಕೆಂದೇ ತಿಳಿಯದು. ಡಾಕ್ಟರು ಹೇಳಿದ ‘ಗದೂದ್’ ಅನ್ನುವ ಪದವನ್ನೂ ಅವಳು ಅದೇ ಮೊದಲು ಕೇಳಿದ್ದು.

“ಅಪ್ಪಾ, ಒಳಗೆ ಒಂದು ಗಂಟು ದೊಡ್ಡದಾಗಿದೆಯಂತೆ. ಆಪರೇಷನ್ ಮಾಡಿ ತೆಗೀಬೇಕಂತೆ,” ಎಂದಳು. ತಡೆದು, “ಮತ್ತೆ, ನಸ್ ಭೀ ಬಾಂಧ್ ದೇಂಗೆ ಅಂದ್ರು,” ಎಂದು ಸೇರಿಸಿದಳು.

ಗಂಟು ಅಂದದ್ದಕ್ಕೆ ಕ್ಯಾನ್ಸರ್ ಎಂದುಕೊಂಡು ಕಾಂತಪ್ಪ ಬೆಚ್ಚಿದರು. ನಸ್ ಕಟ್ಟುವುದು ಅಂದಾಗ ಎದ್ದು ಕೂತೇಬಿಟ್ಟರು. ಅದು ತುರ್ತು ಪರಿಸ್ಥಿತಿಯ ಕಾಲ. ನಸ್‌ಬಂದಿ ಅನ್ನುವ ಮಾತು, ಗಂಡಸರಿಗೆ ಮಕ್ಕಳಾಗದಂತೆ ಸರ್ಕಾರ ಮಾಡಿಸುತ್ತಿದ್ದ ಆಪರೇಷನ್ನಿನ ಮಾತು, ಊರಿಡೀ ಓಡಾಡುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಯಾರನ್ನೋ ಹಿಡಿದುಕೊಂಡು ಹೋದರು, ಮುದುಕರನ್ನೂ ಬಿಡಲಿಲ್ಲ ಎಂದು ಹೋಟೆಲಿನವರು ಪಿಸುಗುಡುತ್ತಿದ್ದರು. ಜ್ವರ ಎಂದು ಬಂದ ತಮ್ಮನ್ನು ಇವರು ಉಪಾಯವಾಗಿ ಹಿಡಿದರು ಎಂದು ಕಾಂತಪ್ಪನವರಿಗೆ ಖಾತ್ರಿಯಾಯಿತು. ಟ್ಯೂಬು ತೆಗೆಯಿರಿ, ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಊಟ ಮುಟ್ಟಲಿಲ್ಲ.

ವಾರ್ಡಿನಲ್ಲಿ ಲೀಲಾ ಎಂಬ ಮಂಗಳೂರಿನ ನರ್ಸ್ ಇದ್ದರು. ರಜೆ ಮುಗಿಸಿ ಅಂದೇ ಕೆಲಸಕ್ಕೆ ಬಂದಿದ್ದರು. ಕನ್ನಡದಲ್ಲಿ ಬೈಗುಳ ಕೇಳಿಸಿ ಹತ್ತಿರ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಗಂಟಲ್ಲ, ಕ್ಯಾನ್ಸರೂ ಅಲ್ಲ, ಗದೂದ್ ಅಂದರೆ ಗಂಡಸರಿಗೆಲ್ಲ ಇರುವ ಒಂದು ಗ್ರಂಥಿ, ವಯಸ್ಸಾದ ಮೇಲೆ ಊದಿಕೊಂಡು ಮೂತ್ರದ ದಾರಿಯನ್ನು ಒತ್ತುತ್ತದೆ ಎಂದು ತಿಳಿಸಿದರು.

“ನೀವು ಮೂತ್ರಕ್ಕೆ ಹೋದರೂ ಒಳಗಿನ ಚೀಲ ಪೂರ್ತಿ ಖಾಲಿಯಾಗಲ್ಲ. ಪಾತ್ರೆ ತಳದಲ್ಲಿ ಹಳೆ ಹಿಟ್ಟು ಉಳಿದರೆ ಮೇಲೆ ಹಾಕಿದ್ದೂ ಬೇಗ ಹುಳಿ ಬರುತ್ತಲ್ವಾ, ಹಾಗೇ ಇದು. ಔಷಧಿ ಕೊಟ್ಟಾಗ ಸರಿಹೋಗುತ್ತೆ, ಆಮೇಲೆ ಮತ್ತೆ ಬರುತ್ತೆ,” ಎಂದರು.

ಅಷ್ಟು ಕಾಂತಪ್ಪನವರಿಗೆ ಅರ್ಥವಾಯಿತು. ಆದರೆ ನಸ್?

ನಸ್ ಅಂದರೆ ಬೀಜದಿಂದ ಮೇಲಕ್ಕೆ ಬರುವ ನಾಳ, ಮೂತ್ರದ ಸೋಂಕು ಅದರಲ್ಲಿ ಕೆಳಗಿಳಿದು ಬೀಜಕ್ಕೆ ಹತ್ತಿದರೆ ಬಾವು ಬರುತ್ತದೆ, ಬಾರದಿರಲಿ ಎಂದು ಈ ಆಪರೇಷನ್ ಜೊತೆಗೇ ಕಟ್ಟಿಬಿಡುತ್ತಾರೆ ಎಂದರು ಲೀಲಾ.

“ಹಾಗಾದ್ರೆ ಸಿಸ್ಟರ್, ಹೊರಗೆ ಮಾಡ್ತಾರಲ್ಲ, ಅದೇ ಅಲ್ವಾ ಇದು?”

ಲೀಲಾ, “ಅದೇ ಹೌದು. ಕಾರಣ ಬೇರೆ,” ಎಂದರು.

ಈ ಉತ್ತರ ಅವರನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಅಲ್ಲ ಎಂದಿದ್ದರೆ ನಂಬುತ್ತಿದ್ದರು, ಹೌದು ಎಂದಷ್ಟೇ ಹೇಳಿದ್ದರೆ ಓಡಿಹೋಗುತ್ತಿದ್ದರು. ಸಂಜೆ ಬಂದ ಉಮಾವತಿಯ ಮುಂದೆ ಎಲ್ಲವನ್ನೂ ತಲೆಕೆಳಗಾಗಿ ಒಪ್ಪಿಸಿದರು. ಆಕೆ ಕಿತ್ತಳೆ ಸುಲಿಯುತ್ತ ಕೇಳಿಸಿಕೊಂಡರು.

“ನಮಗಿನ್ನು ಎಂತ ಮಕ್ಕಳು? ಕಟ್ಟಿದರೆ ಕಟ್ಟಲಿ. ಆ ಜ್ವರದಲ್ಲಿ ನೀವು ನನ್ನನ್ನು ಯಾರು ಅಂತ ಕೇಳಿದ್ದು ನನಗೆ ಇನ್ನೊಮ್ಮೆ ಬೇಡ,” ಎಂದರು.

ತಾವು ಹಾಗೆ ಕೇಳಿದ್ದು ಕಾಂತಪ್ಪನವರಿಗೆ ನೆನಪೇ ಇರಲಿಲ್ಲ. ಹೆಂಡತಿಯ ಕೈಯಿಂದ ಒಂದು ತೊಳೆ ಇಸಿದುಕೊಂಡು ತಿಂದರು. ಮರುದಿನ ಒಪ್ಪಿದರು.

ಆಪರೇಷನ್ ಆಯಿತು. ಕೆಲವು ದಿನ ಟ್ಯೂಬಿನಲ್ಲಿ ರಕ್ತ ಕಂಡು ಸತ್ತೇ ಹೋದೆ ಎಂದುಕೊಂಡರು. ಬಣ್ಣ ತಿಳಿಯಾಯಿತು. ಟ್ಯೂಬು ತೆಗೆದ ದಿನ ಸಲೀಸಾಗಿ ಮೂತ್ರ ಹೋದಾಗ, ಎಷ್ಟು ವರ್ಷವಾಗಿತ್ತು ಎಂದು ಗೋಡೆ ಹಿಡಿದು ನಿಂತು ಕಣ್ಣೀರು ಹಾಕಿದರು. ಈ ಸಲ ಮಾತ್ರೆಗಳನ್ನು ಸ್ನೇಹಲತಾ ತನ್ನ ಬ್ಯಾಗಿನಲ್ಲಿಟ್ಟುಕೊಂಡು, ನುಂಗುವವರೆಗೆ ಎದುರಿಗೇ ನಿಂತು, ಕೊನೆಯದನ್ನೂ ನುಂಗಿಸಿದಳು. ಮನೆಯಲ್ಲಿ ಬಾರ್ಲಿ ನೀರೂ ನಡೆದಿತ್ತು. ವಾಸಿಮಾಡಿದ್ದು ಇಂಜೆಕ್ಷನ್ನೋ, ಕತ್ತಿಯೋ, ಬಾರ್ಲಿಯೋ ಎಂದು ಕಾಂತಪ್ಪ ತೀರ್ಮಾನಿಸಲಾಗದೆ ಮೂರಕ್ಕೂ ಕೈಮುಗಿದರು.

ಮರುವರ್ಷ ಚುನಾವಣೆ ಮುಗಿದು ಸರ್ಕಾರ ಬದಲಾಯಿತು. ಬಲವಂತದ ನಸ್‌ಬಂದಿಯ ಕಥೆಗಳನ್ನು ಜನ ಬಾಯಿಬಿಟ್ಟು ಹೇಳತೊಡಗಿದರು. ಆಸ್ಪತ್ರೆಯ ಸುದ್ದಿ ಹೇಗೋ ಕಿವಿಗೆ ಬಿದ್ದಿದ್ದ ಗಲ್ಲಿಯ ನಾಲ್ಕು ಜನ ಹಿರಿಯರು ಕಾಂತಪ್ಪನವರ ಮನೆಗೂ ಬಂದು, ಈ ವಯಸ್ಸಿನಲ್ಲಿ ನಿಮಗೂ ಹೀಗೆ ಮಾಡಿದರಲ್ಲ, ಈಗ ಹೆದರಬೇಡಿ, ಹೇಳಿ ಎಂದರು. ಕಾಂತಪ್ಪ ತಮ್ಮ ಹಿಂದಿಯಲ್ಲಿ, ನನಗೆ ಮಾಡಿದ್ದು ಜ್ವರಕ್ಕೆ ಎಂದರು. ಜ್ವರಕ್ಕೆ ಯಾರಾದರೂ ಅದನ್ನು ಮಾಡುತ್ತಾರೆಯೇ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗದೂದ್, ಸೋಂಕು, ನಾಳ ಎಂದು ಬಿಡಿಸಿ ಹೇಳಲು ಹೋಗಿ ಕಾಂತಪ್ಪ ಅರ್ಧಕ್ಕೇ ಸಿಕ್ಕಿಹಾಕಿಕೊಂಡರು. ಪಾಪ, ಇನ್ನೂ ಭಯ ಹೋಗಿಲ್ಲ ಎಂದುಕೊಂಡು ಅವರು ಚಹಾ ಕುಡಿದು, ಹೆಗಲು ತಟ್ಟಿ ಹೋದರು.

“ಅವರು ಅಂದದ್ದು ಸರಿಯೋ ತಪ್ಪೋ?” ಎಂದು ಕಾಂತಪ್ಪ ಹೆಂಡತಿಯನ್ನು ಕೇಳಿದರು. “ಜ್ವರ ಮತ್ತೆ ಬರಲಿಲ್ಲವಲ್ಲ, ನನಗೆ ಅಷ್ಟು ಸಾಕು,” ಎಂದು ಉಮಾವತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.