ಕೆಲಸ ಇದೆ ಎಂದು ಬರೆದುಕೊಂಡರು

ಬಂದ ದಿನ ನನಗೆ ತೋರಿಸಿದ ಹಾಸಿಗೆ ಇನ್ನೂ ಬೆಚ್ಚಗಿತ್ತು. ಅದರಲ್ಲಿ ಮಲಗಿದ್ದವಳು ಆಗಷ್ಟೇ ಎದ್ದು ಮಧ್ಯಾಹ್ನದ ಪಾಳಿಗೆ ಹೋಗಿದ್ದಳು. ವಸಂತನರಸಾಪುರದ ಕಾರ್ಖಾನೆಗಳ ಪಕ್ಕದ ಈ ಊರಿನಲ್ಲಿ ನಮ್ಮ ಕೋಣೆಗೆ ಆರು ಹೆಂಗಸರು, ಹಾಸಿಗೆ ಮೂರು. "ಯಾಕವ್ವ ಹಂಗ್ ನಿಂತ್ಕಂಡೆ? ಆರೋಗೋದ್ರೊಳ್ಗೆ ಮಲ್ಕೊ" ಎಂದು ಅದೇ ಕೋಣೆಯ, ಹೆಬ್ಬೂರಿನ ಜಯಕ್ಕ ನಕ್ಕಳು. ನನಗೆ ಅಸಹ್ಯವಾಯಿತು. ಈಗ ಅಭ್ಯಾಸವಾಗಿದೆ, ಅದು ಬೇರೆ ಮಾತು.

ಗುಬ್ಬಿ ಕಡೆಯ ನಮ್ಮ ಹಳ್ಳಿ ಇಲ್ಲಿಂದ ದೂರವೇನಿಲ್ಲ, ಎರಡು ಬಸ್ಸು. ಆದರೂ ಅದು ಬೇರೆಯೇ ಲೋಕ. ಅಲ್ಲಿ ಮನೆಯ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ತೆಂಗಿನಕಾಯಿ. ಒಳಗೇ ಒಣಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವವರೆಗೆ ಹೆಚ್ಚುಕಡಿಮೆ ವರ್ಷ ಕಾಯಬೇಕು. ಸುಲಿಯುವ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಜಗಲಿಗೆ ಬರುತ್ತಿದ್ದರು. ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಇಲ್ಲಿ ಬಿಸ್ಕತ್ತು ಪ್ಯಾಕ್ ಮಾಡುವಾಗ ಮಾತಾಡುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಅಲ್ಲಿ ಯಾರಾದರೂ ಕೇಳಿದರೆ "ಸುಮ್ನೆ ಮನೇಲಿದೀನಿ" ಎನ್ನುತ್ತಿದ್ದೆ. ಇಲ್ಲಿ ಕೊರಳಲ್ಲಿ ಫೋಟೊ ಇರುವ ಕಾರ್ಡು ಬೇರೆ.

ಗಂಡ ತೀರಿಕೊಂಡ ಮೇಲೆ ಏಳು ವರ್ಷದ ಮಗಳು ಭಾವನಾಳನ್ನು ಅಮ್ಮನ ಹತ್ತಿರ ಬಿಟ್ಟು ಬಂದೆ. ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ನಮ್ಮಿಬ್ಬರಿಗೇ ಒಂದು ಚಿಕ್ಕ ಕೋಣೆ ಸಿಕ್ಕರೆ ಸಾಕಿತ್ತು. ಆದರೆ ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡವನು ಕಂಟ್ರಾಕ್ಟರ್. ಆರ್ಡರ್ ಇದ್ದರೆ ಕರೆಯುತ್ತಾನೆ, ಇಲ್ಲದಿದ್ದರೆ "ನಾಳೆ ಬರಬೇಡಿ" ಎಂದು ಮೊಬೈಲಿಗೆ ಮೆಸೇಜು. ಬರುವ ಕೂಲಿ ನನ್ನೊಬ್ಬಳ ಊಟಕ್ಕೆ, ಬಾಡಿಗೆಯ ಪಾಲಿಗೆ ಮುಗಿದುಹೋಗುತ್ತದೆ.

ಮೇ ತಿಂಗಳಲ್ಲಿ ಸರ್ಕಾರದ ಸಮೀಕ್ಷೆಗೆಂದು ಒಬ್ಬರು ಮೇಡಂ ಬಂದರು.

"ಹೋದ ವಾರ ಒಂದ್ ಗಂಟೆನಾದ್ರೂ ಕೂಲಿ ಕೆಲ್ಸ ಮಾಡಿದ್ರಾ?"

"ಎರಡು ದಿನ ಕರೆದಿದ್ರು ಮೇಡಂ" ಎಂದೆ.

"ಹಂಗಾದ್ರೆ ಕೆಲ್ಸ ಇದೆ ಅಂತ ಬರ್ಕೋತೀನಿ."

ಜಯಕ್ಕ ಸುಮ್ಮನಿರುವವಳಲ್ಲ. "ಬರ್ಕೊಳ್ಳಿ ಬುಡಿ. ಆ ಕೆಲ್ಸದಲ್ಲಿ ಒಂದ್ ಮಗೀನ ಸಾಕಕ್ಕಾಯ್ತದಾ ಅಂತ ಬರೆಯಕ್ಕೆ ಜಾಗ ಐತಾ ನೋಡಿ?"

ಮೇಡಂ ನಿಜವಾಗಿಯೂ ಹುಡುಕಿದರು, ಪಾಪ. "ಇಲ್ಲಮ್ಮ" ಎಂದು ನನ್ನ ಕಡೆ ತಿರುಗಿದರು. "ನಿಮ್ಮ ಮನೇಲಿ ಇನ್ಯಾರಿದಾರೆ?"

"ಮಗಳಿದಾಳೆ. ಊರಲ್ಲಿ, ನಮ್ಮಮ್ಮನ ಹತ್ರ."

"ಇಲ್ಲೇ ಇದ್ದು ಉಣ್ಣೋರನ್ನ ಮಾತ್ರ ಸೇರಿಸ್ಬೇಕು."

ಹೀಗೆ ಆ ಪಟ್ಟಿಯಲ್ಲಿ ನಾನು ಕೆಲಸವಿರುವ ಒಂಟಿ ಹೆಂಗಸಾದೆ. ನಿರುದ್ಯೋಗ ಕಮ್ಮಿಯಾಗಿದೆ ಎಂದು ಟಿವಿಯಲ್ಲಿ ಹೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸುಳ್ಳೆಂದು ಬಯ್ಯೋಣವೆಂದರೆ ಅದೂ ಆಗುವುದಿಲ್ಲ. ಆ ಕಮ್ಮಿಯಾದವರಲ್ಲಿ ನಾನೂ ಇದ್ದೇನಲ್ಲ.

ಆ ಭಾನುವಾರ ಊರಿಗೆ ಹೋದೆ. ಅಮ್ಮ ಹುರುಳಿ ಸಾರು ಮಾಡಿದ್ದಳು. ಆ ಘಮಕ್ಕೇ ಅಲ್ಲೇ ಉಳಿದುಬಿಡೋಣ ಎನಿಸಿತು. ಉಂಡ ಮೇಲೆ ಭಾವನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದೆ: "ಈ ವರ್ಷ ಇಲ್ಲೇ ಓದು ಕಣಮ್ಮ."

ಅಳುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅಳಲಿಲ್ಲ. ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಆಯ್ತಮ್ಮ" ಎಂದಳು. "ನೀನು ನಿಮ್ಮನೆಗೆ ಯಾವ ಬಸ್ಸಿಗೆ ಹೋಗ್ತೀಯಾ?"

"ಐದೂವರೆ ಬಸ್ಸಿಗೆ" ಎಂದೆ.