ಅಪ್ಪನ ಸೈಕಲ್ ಗುಜರಿಗೆ ಹೋಗಿಲ್ಲ

ಅಣ್ಣಾ, ಅಪ್ಪನ ಸೈಕಲ್ಲನ್ನು ನಾನು ಗುಜರಿಗೆ ಹಾಕಲಿಲ್ಲ. ಹಾಕಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಪತ್ರಿಕೆಗೆ ಸುದ್ದಿ ಬರೆಯುವವನು ನಾನು. ತಪ್ಪಾದರೆ ಮರುದಿನವೇ ತಿದ್ದುಪಡಿ ಕಳಿಸುತ್ತೇನೆ. ಈ ಒಂದು ತಿದ್ದುಪಡಿ ಮಾತ್ರ ವರ್ಷಗಟ್ಟಲೆ ಉಳಿದುಹೋಯಿತು.

ಮಾರುವ ಸೀರೆಗಳ ಗಂಟು ಹೇರಿಕೊಂಡು ಅಪ್ಪ ತೊರಗಲ್‌ವರೆಗೂ ತುಳಿದ ಸೈಕಲ್ಲು, ಅವನು ತೀರಿಕೊಂಡ ಮೇಲೆ, ಕಟಕೋಳದ ನಮ್ಮ ಮನೆಯ ಪಡಸಾಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಹೊಸದಾಗಿ ಮಾಡಿ ಓಡಿಸುತ್ತೇನೆಂದರೆ ನೀನು ಒಪ್ಪಲಿಲ್ಲ. “ಅಪ್ಪ ಬಿಟ್ಟಂಗ ಇರಲಿ. ಕೈ ಹಚ್ಚಬ್ಯಾಡ.” ನೀನು ಸವದತ್ತಿಗೆ ಹೋದ ದಿನ ಅದನ್ನು ಟಂಟಂ ಆಟೋದಲ್ಲಿ ಹಾಕಿ, ನಾನಿರುವ ರಾಮದುರ್ಗಕ್ಕೆ ತಂದೆ.

ಮುಂದಿನದೆಲ್ಲ ನನ್ನ ಕೈಕೆಲಸ — ಹೇಳುವಾಗ ಈಗಲೂ ಹೆಮ್ಮೆಯಾಗುತ್ತದೆ, ಮುಚ್ಚಿಡಲಾರೆ. ಭಾರದ ಕ್ಯಾರಿಯರ್, ಚೈನ್ ಕವರ್ ಬಿಚ್ಚಿದೆ. ಸರಳಿನ ಬ್ರೇಕು ತೆಗೆದು ವೈರಿನದು ಹಾಕಿದೆ. ಹಗುರವಾದ ಗಾಲಿ, ನೇರ ಹ್ಯಾಂಡಲ್ — ಎಲ್ಲ ಬೇರೆ ಹಳೆಯ ಸೈಕಲ್ಲುಗಳಿಂದ ಬಿಚ್ಚಿದವು. ಹೊಸದೆಂದರೆ ಟಾಯರು ಮಾತ್ರ. ತುಕ್ಕು ಉಜ್ಜಿದಾಗ ಒಳಗಿನ ಉಕ್ಕು ಹೊಳೆಯಿತು, ಎಲ್ಲಿಯೂ ಬಿರುಕಿಲ್ಲ. ಹಳದಿ ಬಣ್ಣ ಬಳಿದೆ. ಮಲಪ್ರಭೆ ಕಡೆಯ ಇಳಿಜಾರಿನಲ್ಲಿ ಅದು ಓಡುವುದನ್ನು ಕಂಡು ಕಾಲೇಜಿನವರು ಬೈಕು ನಿಲ್ಲಿಸಿ ವಿಚಾರಿಸುತ್ತಾರೆ.

ಗುಜರಿಯ ಮಾತು ಕೇಳಿ ನೀನು ಜಗಳವಾಡಲಿಲ್ಲ. ಆ ವರ್ಷದ ಖಂಡೇನವಮಿಗೆ, ಆಯುಧಪೂಜೆಯಲ್ಲಿ ಕುರಪಿ, ಕೊಡಲಿಗೆ ವಿಭೂತಿ ಹಚ್ಚಿದ ಮೇಲೆ, ನೀನು ಸೈಕಲ್ಲು ಆತುಕೊಂಡಿರುತ್ತಿದ್ದ ಬರಿಯ ಗೋಡೆಗೂ ಹಚ್ಚಿ, ಕೆಳಗೆ ಚೆಂಡು ಹೂವಿಟ್ಟೆ. ಪ್ರತಿ ವರ್ಷ ಇಡುತ್ತೀ. ನಾನು ಪಕ್ಕದಲ್ಲಿ ಕೈಮುಗಿದು ನಿಂತು —

ಕಳೆದ ತಿಂಗಳು ನೀನು ರಾಮದುರ್ಗಕ್ಕೆ ಬಂದಾಗ ಈ ಹಳದಿ ಸೈಕಲ್ಲು ಯಾರದೆಂದು ಕೇಳಿದೆ. ಬೈಲಹೊಂಗಲದಲ್ಲಿ ಹಳೆಯದೊಂದು ಸಿಕ್ಕಿತ್ತು, ನಾನೇ ಮಾಡಿದೆ ಎಂದು ಮತ್ತೊಂದು ಸುಳ್ಳು ಹೇಳಿದೆ. ನೀನು ಹತ್ತಿ, ಗಂಟೆ ಬಾರಿಸುತ್ತ ಓಣಿಯಲ್ಲಿ ಸುತ್ತು ಹೊಡೆದು ನಗುತ್ತ ಇಳಿದೆ.

“ಸುದ್ದಿ ಬರಿಯೂದಕ್ಕಿಂತ ಇದ ನಿನಗ ಛಲೋ ಬರತೈತಿ, ತಮ್ಮಾ. ಅಪ್ಪಂದು ಉಳಿದಿದ್ರ ಅದನ್ನೂ ನಿನ್ನ ಕೈಯಾಗ ಕೊಡತಿದ್ನಿ.”

ಆಗಲಾದರೂ ಹೇಳಬಹುದಿತ್ತು. ನಾನು ಚಹಾ ತರಿಸಲೇನು ಎಂದು ಕೇಳಿದೆ.

ಸೀಟಿನ ಕೆಳಗಿನ ಪೈಪಿನಲ್ಲಿ ಅಪ್ಪನ ಗಂಟಿನ ಹಗ್ಗ ತಿಂದ ಗುರುತು ಹಾಗೆಯೇ ಇದೆ. ಅಲ್ಲಿಗೆ ಬಣ್ಣ ಹಚ್ಚಲಿಲ್ಲ. ನಿನ್ನ ಕಣ್ಣಿಗೆ ಬೀಳದಂತೆ ಬಟ್ಟೆ ಸುತ್ತಿದ್ದೇನೆ. ಈ ಖಂಡೇನವಮಿಗೆ ಅದನ್ನೇ ತುಳಿದುಕೊಂಡು ಕಟಕೋಳಕ್ಕೆ ಬಂದು, ಬಟ್ಟೆ ಬಿಚ್ಚಿ, ಅದೇ ಗೋಡೆಗೆ ಆನಿಸಿ ನಿಲ್ಲಿಸುತ್ತೇನೆ. ಓಡಿಸುವುದೋ, ಹಾಗೆಯೇ ಇಡುವುದೋ — ನಿನಗೆ ಬಿಟ್ಟದ್ದು. ಮರಳುವಾಗ ನಾನು ಬಸ್ಸು ಹಿಡಿಯುತ್ತೇನೆ.